ಲೇಸರ್ ಕೀ ಶಾಂತಕ್ಕನ ಹತ್ತಿರ

ಹೊಸ ಮೆಷಿನ್ನು ಬಂದ ದಿನ ಭೀಮೇಶನ ಶೆಡ್ಡಿನಲ್ಲಿ ಯಾರೂ ಮನಸ್ಸಿಟ್ಟು ಕೆಲಸ ಮಾಡಲಿಲ್ಲ. ಕೆ.ಆರ್. ಪುರಂನ ತೂಗುಸೇತುವೆ ದಾಟಿದ ಮೇಲೆ ಸಿಗುವ ಒಂದು ಗಲ್ಲಿಯಲ್ಲಿ, ಟೈರ್ ಅಂಗಡಿಯ ಹಿಂದಿದ್ದ ಆ ಶೆಡ್ಡಿನಲ್ಲಿ ಹೋಟೆಲು, ಕ್ಯಾಂಟೀನುಗಳಿಗೆ ಬೇಕಾದ ಸ್ಟೀಲ್ ಸಾಮಾನು ತಯಾರಾಗುತ್ತಿತ್ತು. ಇಡ್ಲಿ ಸ್ಟೀಮರು, ದೊಡ್ಡ ಸಿಂಕು, ಊಟ ಬಡಿಸುವ ಕೌಂಟರು. ಇಷ್ಟು ವರ್ಷ ಎಲ್ಲವನ್ನೂ ಆರ್ಗಾನ್ ಗ್ಯಾಸಿನ ವೆಲ್ಡಿಂಗಿನಲ್ಲೇ ಬೆಸೆಯುತ್ತಿದ್ದರು. ಈಗ ಬಂದದ್ದು ಲೇಸರ್ ವೆಲ್ಡಿಂಗ್ ಮೆಷಿನ್ನು. ಸಣ್ಣ ಫ್ರಿಜ್ಜಿನಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಉದ್ದನೆಯ ಕೇಬಲ್ಲು, ಕೇಬಲ್ಲಿನ ತುದಿಯಲ್ಲಿ ಕೈಯಲ್ಲಿ ಹಿಡಿಯುವ ಗನ್ನು.

ಅಹ್ಮದ್ ಪಾಷಾ ದೂರದಲ್ಲಿ ಕೈಕಟ್ಟಿಕೊಂಡು ನಿಂತಿದ್ದರು. ಅವರು ಅಲ್ಲಿನ ಹಿರಿಯ ವೆಲ್ಡರ್. ಭೀಮೇಶನ ತಂದೆ ಅಂಜನಮೂರ್ತಿ ಈ ಶೆಡ್ಡು ಹಾಕಿದ ವರ್ಷವೇ ಕೆಲಸಕ್ಕೆ ಸೇರಿದವರು, ಈಗಲೂ ದಿನಾ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುವವರು. ಮೆಷಿನ್ ಕಂಪನಿಯ ಇಂಜಿನಿಯರು ಎರಡು ತಗಡುಗಳ ಅಂಚು ಸೇರಿಸಿಟ್ಟು, ಟ್ರಿಗರ್ ಒತ್ತಿ, ಮೊಳದುದ್ದದ ಬೆಸುಗೆಯನ್ನು ಒಂದೇ ಉಸಿರಿಗೆ ಎಳೆದುಬಿಟ್ಟ. ತಗಡು ಸೊಟ್ಟಗಾಗಲಿಲ್ಲ, ಕಪ್ಪಾಗಲೂ ಇಲ್ಲ. ಪಾಷಾ ಹತ್ತಿರ ಬಂದು ಅದರ ಮೇಲೆ ಬೆರಳಾಡಿಸಿ ನೋಡಿದರು.

"ಕ್ಯಾ ಬಾತ್ ಹೈ!" ಎಂದರು. "ಹುಸೇನಪ್ಪ, ನಿನ್ನ ಕೆಲ್ಸ ಹೋಯ್ತು ನೋಡು ಗುರು."

ಹುಸೇನಪ್ಪ ಸಿಂಧನೂರಿನ ಕಡೆಯವನು. ಬೆಸುಗೆಯ ಮೇಲಿನ ಉಬ್ಬುತಗ್ಗು ತೀಡಿ, ಸ್ಟೀಲಿಗೆ ಹೊಳಪು ಬರಿಸುವ ಬಫಿಂಗ್ ಕೆಲಸ ಅವನದು. "ಹೋದ್ರ ಹೋಗ್ಲಿ ಬಿಡ್ರಿ ಬಾಯ್, ಮೂಗಿನ್ಯಾಗ ಧೂಳರ ಕಡಿಮಿ ಆಕ್ಕತಿ" ಎಂದು ನಕ್ಕ.

ಶಾಂತಕುಮಾರಿ ಮಾತ್ರ ಮೆಷಿನ್ನಿನ ಜೊತೆ ಬಂದಿದ್ದ ದಪ್ಪ ಪುಸ್ತಕ ಹಿಡಿದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಶೆಡ್ಡಿನಿಂದ ಹೊರಹೋಗುವ ಪ್ರತಿ ಸಾಮಾನನ್ನೂ ಪರೀಕ್ಷಿಸಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು ಅವಳ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಪುಸ್ತಕ ಸಿಕ್ಕರೆ ಮೊದಲ ಪುಟದಿಂದ ಓದುವ ಅಭ್ಯಾಸ ಅವಳದು.

"ಭೀಮೇಶ್, ಇದ್ರಲ್ಲಿ ಇಪ್ಪತ್ತು ಪುಟ ಬರೀ ಅಪಾಯದ ಬಗ್ಗೆನೇ ಇದೆ. ಒಬ್ರು ಸೇಫ್ಟಿ ಆಫೀಸರ್ ಇರ್ಲೇಬೇಕಂತೆ."

"ಓದಿದ್ದು ನೀವೊಬ್ರೇ ಅಲ್ವಾ ಅಕ್ಕ? ಹಾಗಾದ್ರೆ ನೀವೇ ಆಫೀಸರ್" ಎಂದ ಭೀಮೇಶ. ಅವನು ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಈಗ ಮಾಲೀಕನಾದ ಮೇಲೂ ಅದು ಬದಲಾಗಿರಲಿಲ್ಲ.

ಹೀಗೆ ಅವಳು ದೊಮ್ಮಲೂರಿನ ಒಂದು ಆಫೀಸಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿಬಂದಳು. ಅಲ್ಲಿ ಪಾಠ ಮಾಡಿದ ಮೇಷ್ಟ್ರು ಹೇಳಿದ ಒಂದು ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಸೆಯುವಾಗ ಕಾಣುವ ಕಿಡಿ, ಹೊಳಪು ಲೇಸರ್ ಅಲ್ಲ. ನಿಜವಾದ ಲೇಸರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಕಾಣದಿದ್ದರೂ ಕಣ್ಣಿನೊಳಗೆ ಹೋಗುತ್ತದೆ, ಒಳಗಿನ ಪರದೆಯ ಮೇಲೆ ಒಂದು ಚುಕ್ಕಿಯಷ್ಟು ಜಾಗ ಸುಡುತ್ತದೆ. ನೋವಾಗುವುದಿಲ್ಲ. ಸುಟ್ಟ ಜಾಗ ಮತ್ತೆ ಸರಿಹೋಗುವುದೂ ಇಲ್ಲ. ಹೊಳೆಯುವ ಸ್ಟೀಲಿಗೆ ಬಡಿದರೆ ಕನ್ನಡಿಗೆ ಬಿದ್ದ ಬಿಸಿಲಿನ ಹಾಗೆ ಎಲ್ಲಿಗೆ ಬೇಕಾದರೂ ಚಿಮ್ಮುತ್ತದೆ.

ಶೆಡ್ಡಿನಲ್ಲಿ ಅದನ್ನು ವಿವರಿಸಲು ಹೋಗಿ 'ಲೇಸರ್ ರೇಡಿಯೇಶನ್' ಎಂಬ ಪದ ಬಳಸಿದ್ದೇ ತಡ, ಗಲಾಟೆ ಶುರುವಾಯಿತು.

"ರೇಡಿಯೇಶನ್ ಅಂದ್ರ ಎಕ್ಸ್‌ರೇ ಹಂಗೇನ್ರಿ ಅಕ್ಕಾರ?" ಹುಸೇನಪ್ಪ ಎದ್ದು ನಿಂತ. "ಕೂದ್ಲಾ ಉದುರ್ತಾವೇನ್ರಿ?"

"ನಿನ್ನ ತಲೇಲಿ ಉದುರೋಕೆ ಏನಿದೆಯೋ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕೂದ್ಲು ಉದುರಲ್ಲ, ಮೈಯೊಳಗೂ ಸೇರ್ಕೊಳಲ್ಲ" ಎಂದಳು ಶಾಂತಕುಮಾರಿ. "ಇದು ಬೆಳಕು ಅಷ್ಟೇ. ಮೆಷಿನ್ ಆಫ್ ಮಾಡಿದ್ರೆ ಅದೂ ಆಫ್. ಆದ್ರೆ ಆನ್ ಇದ್ದಾಗ ಕಣ್ಣಿಗೆ, ಚರ್ಮಕ್ಕೆ ಬೀಳ್ಬಾರ್ದು. ಅಷ್ಟು ನೋಡ್ಕೊಂಡ್ರೆ ಸಾಕು."

ಅಷ್ಟು ನೋಡಿಕೊಳ್ಳುವುದೇ ಎಷ್ಟು ಕಷ್ಟ ಎಂಬುದು ಅವಳಿಗೆ ಮರುದಿನದಿಂದ ಗೊತ್ತಾಗತೊಡಗಿತು.

ಮೊದಲಿಗೆ ಕ್ಲಿಪ್ಪಿನ ವಿಷಯ. ಮೆಷಿನ್ನಿನಿಂದ ಬರುವ ಒಂದು ತಂತಿಯ ತುದಿಯಲ್ಲಿ ಕ್ಲಿಪ್ಪಿರುತ್ತದೆ. ಅದನ್ನು ಬೆಸೆಯಬೇಕಾದ ತಗಡಿಗೆ ಹಾಕಬೇಕು. ಗನ್ನಿನ ಮೂತಿ ಆ ತಗಡನ್ನು ಮುಟ್ಟಿದಾಗ ಮಾತ್ರ ಲೇಸರ್ ಹೊರಡುತ್ತದೆ, ಗಾಳಿಯಲ್ಲಿ ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ. ಶೆಡ್ಡಿನವರು ಪ್ರತಿ ಸಲ ಕ್ಲಿಪ್ ಬದಲಾಯಿಸುವ ಗೋಜು ಬೇಡವೆಂದು ಅದನ್ನು ಗನ್ನಿನ ಮೂತಿಗೇ ಕಚ್ಚಿಸಿಬಿಟ್ಟಿದ್ದರು. ಈಗ ಗನ್ನನ್ನು ಯಾರ ಮುಖಕ್ಕೆ ಹಿಡಿದು ಒತ್ತಿದರೂ ಲೇಸರ್ ಬರುತ್ತಿತ್ತು. ಶಾಂತಕುಮಾರಿ ಅದನ್ನು ಬಿಚ್ಚಿ ತಗಡಿಗೆ ಹಾಕಿದಳು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಮತ್ತೆ ಮೂತಿಯ ಮೇಲಿತ್ತು. ಅವಳು ಮತ್ತೆ ಬಿಚ್ಚಿದಳು.

ಆಮೇಲೆ ಕನ್ನಡಕ. ಮೆಷಿನ್ ಜೊತೆ ಬಂದದ್ದು ಒಂದೇ ಒಂದು ಹಸಿರು ಕನ್ನಡಕ. ಸಾಲದೆಂದು ಭೀಮೇಶ ಆನ್‌ಲೈನಿನಲ್ಲಿ ಇನ್ನೂ ನಾಲ್ಕು ತರಿಸಿದ್ದ. ಅವು ಚಂದದ ಕಿತ್ತಳೆ ಬಣ್ಣದವು, ಹಗುರ, ಹಾಕಿಕೊಂಡರೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲರಿಗೂ ಅವೇ ಇಷ್ಟ. ಶಾಂತಕುಮಾರಿ ಒಂದನ್ನು ಕಿಟಕಿಯ ಬಳಿ ಹಿಡಿದು ಅಂಚಿನಲ್ಲಿದ್ದ ಇರುವೆಯಂಥ ಅಕ್ಷರ ಓದಿದಳು. ಯಾವ ಬೆಳಕನ್ನು ತಡೆಯುತ್ತದೆ ಎನ್ನುವ ಅಂಕಿ ಐನೂರ ನಲವತ್ತಕ್ಕೆ ನಿಂತಿತ್ತು. ಅವರ ಮೆಷಿನ್ನಿನದು ಸಾವಿರದ ಎಂಬತ್ತು.

"ಭೀಮೇಶ್, ಇದು ನಮ್ಮ ಲೇಸರ್‌ಗೆ ಅಲ್ಲ. ಬೇರೆ ಯಾವ್ದೋ ಲೇಸರ್‌ದು."

"ಅಕ್ಕ, ಡಬ್ಬದ ಮೇಲೆ ಲೇಸರ್ ಸೇಫ್ಟಿ ಅಂತ ಇಷ್ಟು ದಪ್ಪಕ್ಕೆ ಬರ್ದಿದೆ. ಲೇಸರ್‌ಗಳಲ್ಲೂ ಜಾತಿನಾ?"

"ಹ್ಞೂ, ಜಾತಿನೇ."

ಭೀಮೇಶ ಒಪ್ಪಲಿಲ್ಲ. ವೈಟ್‌ಫೀಲ್ಡಿನ ಒಂದು ಕ್ಯಾಂಟೀನಿಗೆ ಹನ್ನೆರಡು ಕೌಂಟರು ಕೊಡಬೇಕಿತ್ತು, ಅವನ ಗಮನವೆಲ್ಲ ಅಲ್ಲಿತ್ತು. ಶಾಂತಕುಮಾರಿ ಎರಡೂ ಬಗೆಯ ಕನ್ನಡಕವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದಳು. ಮೇಷ್ಟ್ರು ಟೀ ವಿರಾಮದಲ್ಲಿ ಹೇಳಿದ್ದ ಇನ್ನೊಂದು ವಿಷಯ ಅವಳಿಗೆ ನೆನಪಾಗಿತ್ತು. ಟಿ.ವಿ. ರಿಮೋಟಿನಿಂದ ಬರುವುದೂ ಕಣ್ಣಿಗೆ ಕಾಣದ ಬೆಳಕೇ, ಅಂಕಿ ಒಂಬೈನೂರ ಚಿಲ್ಲರೆ, ನಿರಪಾಯ. ಆದರೆ ನಿಮ್ಮ ಲೇಸರಿನ ನೆರೆಮನೆಯದು.

ಹಲಸೂರಿನ ಮನೆಯಲ್ಲಿ ಅವಳ ಗಂಡ ಸುಗತ ಕ್ರಿಕೆಟ್ ನೋಡುತ್ತಿದ್ದ. ಕೊನೆಯ ನಾಲ್ಕು ಓವರು ಬಾಕಿ ಇತ್ತು. ಶಾಂತಕುಮಾರಿ ಅವನ ಕೈಯಿಂದ ರಿಮೋಟು ತೆಗೆದುಕೊಂಡು, ಅದರ ಮೂತಿಗೆ ಕಿತ್ತಳೆ ಕನ್ನಡಕದ ಗಾಜನ್ನು ಒತ್ತಿ ಹಿಡಿದು, ಸುತ್ತ ಸಂದಿಲ್ಲದಂತೆ ಅಂಗೈ ಮುಚ್ಚಿ ಗುಂಡಿ ಒತ್ತಿದಳು. ಕ್ರಿಕೆಟ್ ಹೋಗಿ ಅಡುಗೆ ಕಾರ್ಯಕ್ರಮ ಬಂತು.

"ಏಯ್! ಏನೇ ಮಾಡ್ತಿದೀಯಾ?"

"ಇರ್ರೀ, ಒಂದ್ನಿಮಿಷ."

ಮತ್ತೆ ಒತ್ತಿದಳು. ಅಡುಗೆ ಹೋಗಿ ವಾರ್ತೆ ಬಂತು. ಈಗ ಅದೇ ರೀತಿ ಹಸಿರು ಕನ್ನಡಕ ಹಿಡಿದು ಒತ್ತಿದಳು. ವಾರ್ತೆ ಅಲುಗಾಡಲಿಲ್ಲ. ಹತ್ತು ಸಲ ಒತ್ತಿದಳು. ವಾರ್ತೆಯೇ.

"ಬ್ಯಾಟರಿ ಹೋಗಿರ್ಬೇಕು, ಕೊಡಿಲ್ಲಿ" ಎಂದು ಸುಗತ ಎದ್ದ. ಅವಳು ಕನ್ನಡಕ ತೆಗೆದು ಒತ್ತಿ ಕ್ರಿಕೆಟ್ ಹಾಕಿಕೊಟ್ಟಳು. ಅಷ್ಟರಲ್ಲಿ ಎರಡು ವಿಕೆಟ್ ಬಿದ್ದಿದ್ದವು. ಅವನ ಸಿಟ್ಟಿನ ಕಡೆಗೆ ಅವಳ ಲಕ್ಷ್ಯವೇ ಇರಲಿಲ್ಲ. ರಿಮೋಟಿನ ಬೆಳಕು ಕಿತ್ತಳೆ ಗಾಜನ್ನು ದಾಟಿ ಹೋಗಿತ್ತು. ಇಷ್ಟು ದಿನ ನಾಲ್ಕು ಜನ ಆ ಕಿತ್ತಳೆ ಕನ್ನಡಕ ನಂಬಿಕೊಂಡು ಲೇಸರಿನ ಪಕ್ಕ ನಿಂತಿದ್ದರು.

ಮರುದಿನ ಬೆಳಿಗ್ಗೆ ಭೀಮೇಶನ ಕ್ಯಾಬಿನ್ನಿನಲ್ಲಿ ಏ.ಸಿ. ರಿಮೋಟಿನ ಮೇಲೆ ಅದೇ ಪ್ರಯೋಗ ನಡೆಯಿತು. ಕಿತ್ತಳೆ ಗಾಜಿನ ಹಿಂದಿನಿಂದ ಒತ್ತಿದರೂ ಏ.ಸಿ. 'ಟೀಂಕ್' ಎಂದು ಶುರುವಾಯಿತು. ಭೀಮೇಶ ತಾನೇ ಕೈಗೆ ತೆಗೆದುಕೊಂಡು ಒತ್ತಿ ನೋಡಿದ. ಏ.ಸಿ. ನಿಂತಿತು. ಮತ್ತೆ ಒತ್ತಿದ. ಶುರುವಾಯಿತು.

"ಹಸಿರದ್ದು ಪಾಸ್, ಕಿತ್ತಳೆದು ಫೇಲ್. ಅಷ್ಟೇ ಅಲ್ವಾ?" ಎಂದ.

"ಇದ್ರಲ್ಲಿ ಫೇಲ್ ಆದ್ರೆ ಕೆಟ್ಟದ್ದು ಅಂತ ಖಂಡಿತ ಹೇಳ್ಬೋದು. ಪಾಸ್ ಆದ ಮಾತ್ರಕ್ಕೆ ಒಳ್ಳೇದು ಅಂತ ಹೇಳೋಕಾಗಲ್ಲ. ಅಂಕಿ ನೋಡಿ, ಸರ್ಟಿಫಿಕೇಟ್ ನೋಡಿ ತರಿಸ್ಬೇಕು."

ಭೀಮೇಶ ರಿಮೋಟು ಕೆಳಗಿಟ್ಟ. ಆಮೇಲೆ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದ, ಇನ್ನೊಂದು ಕಣ್ಣು ಮುಚ್ಚಿ ನೋಡಿದ. "ಎರಡ್ರಲ್ಲೂ ಕಾಣ್ತಿದೆ" ಎಂದ ಮೆಲ್ಲಗೆ. ಎದ್ದು ಹೊರಗೆ ಹೋಗಿ, "ಲೇಸರ್ ಆಫ್ ಮಾಡ್ರೋ! ಇನ್ನು ನಾಲ್ಕು ದಿನ ಎಲ್ಲಾ ಆರ್ಗಾನಲ್ಲೇ!" ಎಂದು ಕೂಗಿದ. ಅವನಲ್ಲಿ ಇದೊಂದು ಒಳ್ಳೆಯ ಗುಣ. ಒಪ್ಪುವವರೆಗೆ ವಾದ ಮಾಡುತ್ತಿದ್ದ, ಒಪ್ಪಿದ ಮೇಲೆ ಅರ್ಧಕ್ಕೆ ಬಿಡುತ್ತಿರಲಿಲ್ಲ.

ನಾಲ್ಕು ದಿನ ಹೋಗಿ ಎಂಟು ದಿನವಾಯಿತು. ಶೆಡ್ಡಿನ ಒಂದು ಮೂಲೆಯಲ್ಲಿ ತಗಡಿನ ಕೋಣೆಯೊಂದು ಎದ್ದಿತು. ಬೆಳಕು ಪ್ರತಿಫಲಿಸದಂತೆ ಒಳಗೋಡೆಗೆ ಮಂಕು ಕಪ್ಪು ಬಣ್ಣ, ಹೊಗೆ ಎಳೆಯಲು ಫ್ಯಾನು. ಬಾಗಿಲು ತೆರೆದರೆ ಲೇಸರ್ ತಾನಾಗಿ ನಿಲ್ಲುವಂತೆ ಚೌಕಟ್ಟಿಗೊಂದು ಸ್ವಿಚ್ಚು, ಬಾಗಿಲ ಮೇಲೊಂದು ಕೆಂಪು ದೀಪ. ಒಳಗೆ ಏನು ನಡೆಯುತ್ತಿದೆ ಎಂದು ನೋಡಲು ಭೀಮೇಶ ತನ್ನ ಹಳೆಯ ಮೊಬೈಲನ್ನೇ ಕ್ಯಾಮೆರಾ ಮಾಡಿ ಗೋಡೆಗೆ ಕೂರಿಸಿದ. ಸರಿಯಾದ ಅಂಕಿಯ ಹೊಸ ಹಸಿರು ಕನ್ನಡಕಗಳೂ, ಬೆಸೆಯುವವರಿಗೆ ಮುಖವಿಡೀ ಮುಚ್ಚುವ ಹಸಿರು ಗಾಜಿನ ಹೆಲ್ಮೆಟ್ಟೂ ಬಂದವು. ಮೆಷಿನ್ನಿನ ಕೀ ಶಾಂತಕುಮಾರಿಯ ಕೊರಳಿನ ಐ.ಡಿ. ಕಾರ್ಡಿನ ದಾರಕ್ಕೆ ಸೇರಿತು. ಬೆಳಿಗ್ಗೆ ಕ್ಲಿಪ್ಪು, ಬಾಗಿಲು, ಕನ್ನಡಕ ಎಲ್ಲ ನೋಡಿ, ರಿಜಿಸ್ಟರಿನಲ್ಲಿ ಬರೆದು, ಆಮೇಲೆ ಕೀ ಕೊಡುತ್ತಿದ್ದಳು.

ಎಲ್ಲ ಸರಿಹೋಯಿತು ಎಂದುಕೊಳ್ಳುವಾಗ ಪಾಷಾ ಹೆಲ್ಮೆಟ್ ಹಿಡಿದು ತಕರಾರು ತೆಗೆದರು.

"ಮೇಡಂ, ಇದು ಹಾಕ್ಕೊಂಡ್ರೆ ಮಧ್ಯಾಹ್ನ ಹನ್ನೆರಡಕ್ಕೇ ಸಂಜೆ ಆದಂಗೆ ಆಗುತ್ತೆ. ನಂಗೆ ಬೇಡ."

"ಬೇಡ ಅನ್ನೋ ಹಾಗಿಲ್ಲ ಪಾಷಾ ಬಾಯ್."

"ಮೂವತ್ತೊಂದು ವರ್ಷದಿಂದ ಬೆಂಕಿ ಮುಂದೆ ಕೂತಿದ್ದೀನಿ. ಏನಾಗಿದೆ ನಂಗೆ? ಏನೂ ಆಗಿಲ್ಲ."

ಅವರು ಒಳಗೆ ಹೋಗುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಹತ್ತು ನಿಮಿಷ ಬಿಟ್ಟು ಕ್ಯಾಮೆರಾದಲ್ಲಿ ನೋಡಿದರೆ ಅದು ಹಣೆಯ ಮೇಲೇರಿರುತ್ತಿತ್ತು, ಮೂಗು ತಗಡಿಗೆ ತಾಗುವಷ್ಟು ಬಗ್ಗಿ ಬರಿಗಣ್ಣಿನಲ್ಲಿ ಬೆಸೆಯುತ್ತಿರುತ್ತಿದ್ದರು. ಶಾಂತಕುಮಾರಿ ಮೊದಲ ದಿನ ವಿನಯವಾಗಿ ಹೇಳಿದಳು, ಎರಡನೆಯ ದಿನ ಜೋರಾಗಿ ಹೇಳಿದಳು. ಮೂರನೆಯ ದಿನ ಬಾಗಿಲು ತೆರೆದಳು. ಲೇಸರ್ ತಾನಾಗಿ ನಿಂತಿತು. ಅವಳು ನೇರ ಹೋಗಿ ಮೆಷಿನ್ನಿನ ಕೀ ಕಿತ್ತುಕೊಂಡಳು.

ಹನ್ನೆರಡು ಜನರೆದುರು ಹೀಗಾದದ್ದು ಪಾಷಾಗೆ ಸಹಿಸಲಾಗಲಿಲ್ಲ. "ನಿಮ್ಮ ಮೆಷಿನ್ನು, ನಿಮ್ಮ ಕೀ. ನೀವೇ ವೆಲ್ಡ್ ಮಾಡ್ಕೊಳಿ" ಎಂದು ಗ್ಲೌಸು ಬಿಚ್ಚಿ ಮೇಜಿನ ಮೇಲಿಟ್ಟು, ಟಿಫಿನ್ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಶಾಂತಕುಮಾರಿಗೆ ಕೆಲಸ ಹಿಡಿಸಲಿಲ್ಲ. ಮಾಡಿದ್ದು ಸರಿ ಎಂದು ಗೊತ್ತಿತ್ತು, ಆದರೂ ಮನಸ್ಸು ಚುಚ್ಚುತ್ತಿತ್ತು. ಅವಳು ಮೊದಲ ಸಲ ಶೆಡ್ಡಿಗೆ ಬಂದಾಗ ಬೆಸುಗೆಯಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತೋರಿಸಿಕೊಟ್ಟವರೇ ಪಾಷಾ. ಕೌಂಟರುಗಳ ರಾಶಿಯ ಮುಂದೆ ಕೂತು ಅವರು ಕೊನೆಗೆ ಮಾಡಿದ ಬೆಸುಗೆಗಳನ್ನು ನೋಡತೊಡಗಿದಳು. ಲೇಸರಿನ ಗೆರೆ ತೀರ ಸಪೂರ. ಎರಡು ತಗಡು ಸೇರುವ ಜಾಗದ ಮೇಲೆ ಸರಿಯಾಗಿ ಹೋಗಬೇಕು. ಪಾಷಾರ ಗೆರೆ ಶುರುವಿನಲ್ಲಿ ಸರಿಯಿದ್ದು, ಹೋಗುತ್ತಾ ಹೋಗುತ್ತಾ ಎಡಕ್ಕೆ ಸರಿದಿತ್ತು. ಇನ್ನೊಂದರಲ್ಲೂ ಹಾಗೇ. ಮತ್ತೊಂದರಲ್ಲೂ. ಹೆಲ್ಮೆಟ್ ಬರುವುದಕ್ಕೆ ಮೊದಲು ಮಾಡಿದ್ದರಲ್ಲೂ ಅದೇ.

"ಹುಸೇನಪ್ಪ, ಇಲ್ಲಿ ಬಾ. ಪಾಷಾ ಬಾಯ್ ಆರ್ಗಾನಲ್ಲಿ ಮಾಡ್ತಿದ್ದಾಗ್ಲೂ ಹೀಗೇ ಇರ್ತಿತ್ತಾ?"

ಹುಸೇನಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. "ಅಕ್ಕಾರ, ನಾ ಹೇಳ್ದೆ ಅಂತ ಹೇಳಬ್ಯಾಡ್ರಿ. ಯುಗಾದಿಯಿಂದ ಹಂಗೇ ಐತ್ರಿ. ಆರ್ಗಾನ್ ಬೆಸಗಿ ಅಗಲ ಇರ್ತದ, ನಾ ತೀಡಿ ಸರಿ ಮಾಡ್ತಿದ್ದೆ. ನಿಮ್ಮ ಕಣ್ಣಿಗೆ ಬೀಳ್ತಿರ್ಲಿಲ್ಲ. ಇದ್ರಾಗ ತೀಡಾಕ ಬರಂಗಿಲ್ರಿ."

"ಅವ್ರಿಗೆ ಕಾಣ್ತಿಲ್ಲ."

"ಇಲ್ರಿ. ಬಸ್ಸಿನ ನಂಬರ್ ಸುದ್ದಾ ಬ್ಯಾರೇರಿಗೆ ಕೇಳ್ತಾರ."

ಶನಿವಾರ ಮಧ್ಯಾಹ್ನ ಶಾಂತಕುಮಾರಿ ಶಿವಾಜಿನಗರಕ್ಕೆ ಹೋದಳು. ಹಳೆ ಕಬ್ಬಿಣದ ಅಂಗಡಿಗಳ ಸಾಲು ದಾಟಿ, ಎರಡು ಸಲ ದಾರಿ ಕೇಳಿ ಮನೆ ಹಿಡಿದಳು. ಬಾಗಿಲು ತೆರೆದವಳು ಪಾಷಾರ ಮಗಳು ರಿಮ್ಶಾ. ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು.

"ಅಬ್ಬಾ, ಶಾಂತಾ ಆಂಟಿ ಬಂದಿದಾರೆ" ಎಂದು ಒಳಗಿದ್ದ ತಂದೆಗೆ ಕೂಗಿ, ದನಿ ತಗ್ಗಿಸಿ, "ಎರಡು ದಿನದಿಂದ ಯಾರ ಹತ್ರನೂ ಮಾತಾಡ್ತಿಲ್ಲ ಆಂಟಿ, ನನ್ನ ಹತ್ರನೂ" ಎಂದಳು.

ಪಾಷಾ ಕುರ್ಚಿಯಿಂದ ಎದ್ದು ನಿಂತರು. ಮುನಿಸಿದ್ದರೂ ಮನೆಗೆ ಬಂದವರನ್ನು ನಿಲ್ಲಿಸಿಕೊಂಡೇ ಮಾತಾಡುವವರಲ್ಲ. ಚಹಾ ಬಂತು, ಉಸ್ಮಾನಿಯಾ ಬಿಸ್ಕತ್ತು ಬಂತು. ಸ್ವಲ್ಪ ಹೊತ್ತು ಮೂವರೂ ಸೆಖೆಯ ಬಗ್ಗೆ ಮಾತಾಡಿದರು. ಆಮೇಲೆ ಶಾಂತಕುಮಾರಿ ಕಪ್ಪು ಕೆಳಗಿಟ್ಟಳು.

"ಎಲ್ಲರ ಮುಂದೆ ಕೀ ಕಿತ್ಕೊಂಡಿದ್ದು ತಪ್ಪಾಯ್ತು ಬಾಯ್. ಹೊರಗೆ ಕರೆದು ಹೇಳ್ಬೇಕಿತ್ತು. ಆದ್ರೆ ಕೀ ಕಿತ್ಕೊಂಡಿದ್ದು ತಪ್ಪಲ್ಲ."

ಪಾಷಾ ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆ ಸರಿಸಿದರು.

"ನಿಮ್ಮ ಬೆಸುಗೆ ನೋಡ್ದೆ. ದೀಪದ ಸುತ್ತ ಬೆಳಕಿನ ಬಳೆ ಕಾಣುತ್ತಾ ನಿಮಗೆ?"

ಅವರು ಮಗಳ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. "ಒಂದು ವರ್ಷ ಆಯ್ತು ಮೇಡಂ" ಎಂದರು. "ಮೊದ್ಲು ಬಲಗಣ್ಣು. ಈಗ ಎಡಗಣ್ಣೂ ಮಂಜು ಮಂಜು. ಆ ಹಸಿರು ಗಾಜು ಹಾಕ್ಕೊಂಡ್ರೆ ತಗಡೇ ಕಾಣಲ್ಲ. ತೆಗೆದ್ರೆ ಸ್ವಲ್ಪ ಅಂದಾಜಾಗುತ್ತೆ. ಅದಕ್ಕೇ ತೆಗೀತಿದ್ದೆ."

"ಅಬ್ಬಾ!" ಎಂದಳು ರಿಮ್ಶಾ. "ನಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಬೇಟಾ? ಕಣ್ಣು ಕಾಣದ ವೆಲ್ಡರ್‌ನ ಯಾರು ಇಟ್ಕೋತಾರೆ?" ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ನಂಗೆ ಬೇರೆ ಕೆಲಸ ಬರಲ್ಲ. ಇದೊಂದೇ ಬರೋದು."

ಅವರ ಹಟವನ್ನು ಶಾಂತಕುಮಾರಿ ಮೊದಲು ಅಹಂಕಾರ ಎಂದುಕೊಂಡಿದ್ದಳು. ತರಬೇತಿಯ ಪುಸ್ತಕದಲ್ಲಿ ಇದಕ್ಕೆ ಯಾವ ಪಾಠವೂ ಇರಲಿಲ್ಲ. ಅವಳು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದಳು:

"ಲೇಸರ್ ಹತ್ರ ಕೆಲಸ ಮಾಡೋರೆಲ್ಲ ಒಂದ್ಸಲ ಕಣ್ಣು ತೋರಿಸ್ಬೇಕು ಅಂತ ರೂಲ್ ಮಾಡಿದೀನಿ. ಭೀಮೇಶ್, ಹುಸೇನಪ್ಪ, ನಾನು, ನೀವು. ಬುಧವಾರ ಹೋಗೋಣ. ನಿಮ್ಮೊಬ್ರಿಗೇ ಅಲ್ಲ."

"ಈ ರೂಲ್ ಯಾವಾಗ ಮಾಡಿದ್ರಿ?"

"ಈಗ."

ರಿಮ್ಶಾ ಫಕ್ಕನೆ ನಕ್ಕಳು. ಪಾಷಾರ ಮುಖದಲ್ಲೂ ನಗು ಮೂಡಿತು.

ಬುಧವಾರ ನಾಲ್ವರೂ ಇಂದಿರಾನಗರದ ಒಂದು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಸಾಲಾಗಿ ಕೂತರು. ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಎಲ್ಲರಿಗೂ ಹಾಕಿದರು. ಅರ್ಧ ಗಂಟೆಯಲ್ಲಿ ಯಾರಿಗೂ ಹತ್ತಿರದ್ದು ಏನೂ ಕಾಣದಾಯಿತು. ಭೀಮೇಶನಿಗೆ ಕ್ಯಾಂಟೀನಿನವರ ಫೋನು ಬಂತು. ಹೆಸರು ಓದಲಾಗದೆ, ಹೆಂಡತಿ ಎಂದುಕೊಂಡು, "ಹೇಳು ಚಿನ್ನಾ" ಎಂದುಬಿಟ್ಟ. ಹುಸೇನಪ್ಪ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕ.

ಡಾಕ್ಟರು ಒಬ್ಬೊಬ್ಬರನ್ನೇ ಒಳಗೆ ಕರೆದು ನೋಡಿದರು. ಯಾರ ಕಣ್ಣಿನ ಪರದೆಯ ಮೇಲೂ ಸುಟ್ಟ ಗುರುತಿರಲಿಲ್ಲ. ಶಾಂತಕುಮಾರಿ ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರುಬಿಟ್ಟಳು. ಹುಸೇನಪ್ಪನ ಕಣ್ಣಿನಲ್ಲಿ ಕೂತಿದ್ದ ಸ್ಟೀಲಿನ ಒಂದು ಕಣ ತೆಗೆದರು. ಭೀಮೇಶನಿಗೆ ಓದುವ ಕನ್ನಡಕ ಬರೆದುಕೊಟ್ಟರು. "ನಂಗಿನ್ನೂ ನಲವತ್ತೂ ಆಗಿಲ್ಲ" ಎಂದು ಅವನು ಆಸ್ಪತ್ರೆಯವರ ಮೇಲೆ ಸಿಟ್ಟು ಮಾಡಿಕೊಂಡ. ಪಾಷಾರ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು.

"ಇದು ಈ ಹೊಸ ಮೆಷಿನ್ನಿಂದ ಆಗಿದ್ದಲ್ಲ" ಎಂದರು ಡಾಕ್ಟರು. "ವಯಸ್ಸು, ಸಕ್ಕರೆ ಕಾಯಿಲೆ, ಅಷ್ಟು ವರ್ಷದ ವೆಲ್ಡಿಂಗು, ಯಾವುದ್ರದ್ದು ಎಷ್ಟು ಪಾಲು ಅಂತ ಹೇಳೋಕಾಗಲ್ಲ. ಆಪರೇಶನ್ ಮಾಡಿದ್ರೆ ಸರಿಹೋಗುತ್ತೆ. ಆದ್ರೆ ಪರದೆ ಸುಟ್ಟಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ. ಆ ಹಸಿರು ಗಾಜು ಮಾತ್ರ ತೆಗೀಬೇಡಿ."

ಪಾಷಾ ತಲೆಯಾಡಿಸಿದರು. ಹೊರಗೆ ಬಂದಾಗ ಸಿ.ಎಂ.ಎಚ್. ರಸ್ತೆಯ ಬಿಸಿಲು ನಾಲ್ವರ ಕಣ್ಣಿಗೂ ರಾಚಿತು. ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟುಕೊಂಡು ರಸ್ತೆ ದಾಟಿದರು. ಭೀಮೇಶ ಪಾಷಾರ ಕೈ ಹಿಡಿದಿದ್ದ.

"ಆಪರೇಶನ್ ಆದ್ಮೇಲೆ ಸ್ವಲ್ಪ ದಿನ ಬಿಟ್ಟು ಶೆಡ್ಡಿಗೆ ಬಂದು ಸುಮ್ನೆ ಕೂತ್ಕೊಳಿ ಬಾಯ್" ಎಂದ. "ಗನ್ ಮುಟ್ಬೇಡಿ. ಹುಸೇನಪ್ಪಂಗೆ ಹೇಳ್ಕೊಡಿ, ಅವನಿಗೀಗ ತೀಡೋ ಕೆಲ್ಸ ಕಡಿಮೆ. ನಮ್ಮಪ್ಪ ಇದ್ದಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಿದ್ರಾ?"

ಪಾಷಾ ಕಣ್ಣಿಗೆ ಹಾಕಿದ ಹನಿ ಎಂದು ಹೇಳಿ ಕರ್ಚೀಫು ತೆಗೆದು ಒರೆಸಿಕೊಂಡರು.

ಎರಡೂ ಕಣ್ಣಿನ ಆಪರೇಶನ್, ನಡುವಿನ ಬಿಡುವು, ಆಮೇಲಿನ ವಿಶ್ರಾಂತಿ ಸೇರಿ ಒಟ್ಟು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಪಾಷಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕ್ಯಾಮೆರಾದಲ್ಲಿ ನೋಡುತ್ತಾ, "ನಿಧಾನ, ನಿಧಾನ! ಗಾಡಿ ಹೊಡೀತಿದೀಯಾ?" ಎಂದು ಕೂಗುತ್ತಾ ಹುಸೇನಪ್ಪನನ್ನು ಲೇಸರ್ ವೆಲ್ಡರ್ ಮಾಡಿಬಿಟ್ಟರು. ಕೌಂಟರುಗಳು ತಡವಾಗಿಯೇ ವೈಟ್‌ಫೀಲ್ಡಿಗೆ ಹೋದವು. ಕ್ಯಾಂಟೀನಿನವರು ಸ್ವಲ್ಪ ಗೊಣಗಿ ಸುಮ್ಮನಾದರು.

ಡಾಕ್ಟರು ಒಪ್ಪಿದ ಮೇಲೆ ಒಂದು ಸೋಮವಾರ ಪಾಷಾ ಮತ್ತೆ ಗ್ಲೌಸು ಹಾಕಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಂಗಡಿ ಬೋರ್ಡು ಓದಿಕೊಂಡು ಬಂದೆನೆಂದೂ, ಶೆಡ್ಡು ಇಷ್ಟು ಕೊಳಕಾಗಿದೆ ಎಂದು ಇಷ್ಟು ದಿನ ಯಾರೂ ಹೇಳಲಿಲ್ಲವೆಂದೂ ಎಲ್ಲರಿಗೂ ಹೇಳಿದರು. ಶಾಂತಕುಮಾರಿ ಕ್ಲಿಪ್ಪು ನೋಡಿ, ಬಾಗಿಲು ನೋಡಿ, ಕೀ ಕೊಟ್ಟಳು. ಪಾಷಾ ಒಳಗೆ ಹೋದರು. ಐದು ನಿಮಿಷವಾದರೂ ಕೆಂಪು ದೀಪ ಹೊತ್ತಲಿಲ್ಲ.

ಏನಾಯಿತೋ ಎಂದು ಅವಳು ಬಾಗಿಲ ಬಳಿ ಹೋಗುವಷ್ಟರಲ್ಲಿ ಅವರೇ ಹೊರಗೆ ಬಂದರು.

"ಮೇಡಂ, ಒಳಗೆ ಬನ್ನಿ. ಬಾಗಿಲು ಹಾಕಿ. ಲೈಟ್ ಆಫ್ ಮಾಡ್ತೀನಿ, ಹೆದರ್ಕೋಬೇಡಿ."

ಕತ್ತಲಾಯಿತು. ಬಾಗಿಲು ಚೌಕಟ್ಟಿಗೆ ಕೂರುವ ಹಿಂಜಿನ ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ, ಹಗಲ ಬೆಳಕಿನ ಒಂದು ಸಣ್ಣ ಗೆರೆ ಕಾಣಿಸಿತು. ಒಂದು ಅಕ್ಕಿಕಾಳಿನಷ್ಟು ಅಗಲ, ಗೇಣುದ್ದ.

"ಬೆಳಕು ಒಳಗೆ ಬರುತ್ತೆ ಅಂದ್ರೆ ಹೊರಗೂ ಹೋಗುತ್ತೆ ಅಲ್ವಾ?" ಎಂದರು ಪಾಷಾ. "ಆ ಕಡೆ ಊಟಕ್ಕೆ ಕೂರೋ ಬೆಂಚಿದೆ. ಕೂತೋರ ಕಣ್ಣಿನ ಮಟ್ಟಕ್ಕೇ ಬರುತ್ತೆ."

ಶಾಂತಕುಮಾರಿ ಆ ಬಾಗಿಲನ್ನು ಎರಡು ತಿಂಗಳಿಗೂ ಹೆಚ್ಚು ಕಾಲದಿಂದ ದಿನಾ ಬೆಳಿಗ್ಗೆ ನೋಡಿದ್ದಳು. ಒಮ್ಮೆಯೂ ಒಳಗೆ ದೀಪ ಆರಿಸಿ ನೋಡಿರಲಿಲ್ಲ. "ನಂಗೆ ಹೊಳೀಲೇ ಇಲ್ಲ ಬಾಯ್" ಎಂದಳು.

"ಪರವಾಗಿಲ್ಲ ಬಿಡಿ. ನನ್ನದು ಹೊಸ ಕಣ್ಣು."

ಅವಳು ಕೀ ವಾಪಸ್ ತೆಗೆದುಕೊಂಡಳು. ಹುಸೇನಪ್ಪ ಒಂದು ತಗಡಿನ ಪಟ್ಟಿ ಕತ್ತರಿಸಿ ತಂದ. ಪಾಷಾ ಹಳೆಯ ಆರ್ಗಾನ್ ಮೆಷಿನ್ನು ಎಳೆದುಕೊಂಡು ಬಂದು, ಅದಕ್ಕೆ ತಕ್ಕ ಹೆಲ್ಮೆಟ್ ಇಳಿಸಿ, ಹಿಂಜಿನ ಪಕ್ಕಕ್ಕೆ ಪಟ್ಟಿ ಬೆಸೆದರು. ಮತ್ತೆ ದೀಪ ಆರಿಸಿ ನೋಡಿದರು. ಎಲ್ಲೂ ಗೆರೆ ಇರಲಿಲ್ಲ. ಊಟದ ಬೆಂಚನ್ನೂ ಎಲ್ಲರೂ ಸೇರಿ ಎತ್ತಿ ಗೇಟಿನ ಪಕ್ಕ, ಗಾಳಿ ಬರುವ ಕಡೆ ಹಾಕಿದರು.

ಶಾಂತಕುಮಾರಿ ರಿಜಿಸ್ಟರ್ ತೆರೆದು ಬರೆಯತೊಡಗಿದಳು: 'ಬಾಗಿಲಿನ ಸಂದು. ಪತ್ತೆ ಹಚ್ಚಿದವರು, ಪಾಷಾ.'

ಪಾಷಾ ಅವಳ ಹೆಗಲ ಮೇಲಿಂದ ಇಣುಕಿದರು. "ಬರೀ ಪಾಷಾ ಅಂದ್ರೆ ಯಾವ ಪಾಷಾ ಅಂತ ಹೆಂಗೆ ಗೊತ್ತಾಗುತ್ತೆ ಮೇಡಂ? ಶಿವಾಜಿನಗರದಲ್ಲಿ ಸಾವಿರ ಜನ ಇದ್ದಾರೆ. ಪೂರ್ತಿ ಹೆಸ್ರು ಬರೀರಿ."

ಅವಳು ಆ ಹೆಸರಿನ ಮೇಲೆ ಗೆರೆ ಹೊಡೆದು, ಅಹ್ಮದ್ ಪಾಷಾ, ಹಿರಿಯ ವೆಲ್ಡರ್ ಎಂದು ದುಂಡಗೆ ಬರೆದಳು. ಆಮೇಲೆ ಕೀ ಕೊಟ್ಟಳು.